ಆಧಾರದ ಪುಸ್ತಕ

ಗಲಗಲಿ ಹತ್ತಿರದ ಪುನರ್ವಸತಿ,
ತಾ. ಬೀಳಗಿ
14-11-2013, ಗುರುವಾರ

ಪ್ರೀತಿಯ ತಮ್ಮ ಮುತ್ತಣ್ಣನಿಗೆ ಅಕ್ಕ ಸುಂದರವ್ವನ ಮನಸಾರೆ ಹರಕೆ.

ಹೇಗಿದ್ದೀಯಪ್ಪಾ? ಹೋದ ಸಲದ ಕಾಗದದಲ್ಲಿ ಕಿವಿ ಸೋರುತ್ತದೆ ಎಂದು ನೀನು ಬರೆದಿದ್ದೆ, ವಾಸಿಯಾಯಿತೋ ಇಲ್ಲವೋ? ಆ ಹಿಮದಲ್ಲಿ ಬರಿಕಿವಿಯಲ್ಲಿ ತಿರುಗಬೇಡ. ಸಣ್ಣವನಿದ್ದಾಗ ಕುಲಾಯಿ ಕಟ್ಟಿ ಕಳಿಸಿದರೆ ಟಗರಿನ ಕೋಡಿಗೆ ಸಿಗಿಸಿ ಬರುತ್ತಿದ್ದವನು ನೀನು. ಈಗ ಮಿಲಿಟರಿಯವರೇ ಟೊಪ್ಪಿಗೆ ಹಾಕಿಸಿದ್ದಾರೆ, ಒಳ್ಳೆಯದೇ ಆಯಿತು. ಇಲ್ಲಿ ಅವ್ವ ಆರಾಮ ಇದ್ದಾಳೆ. ಮಂಡಿ ಹಿಡಿದುಕೊಂಡಿದ್ದರೂ ಸೋಮವಾರ ಬಂದರೆ ಹಾಲಿನ ಗಿಂಡಿ ಹಿಡಿದು ಬೀರಪ್ಪನ ಗುಡಿಗೆ ತಾನೇ ನಡೆದು ಹೋಗುತ್ತಾಳೆ, ಯಾರ ಕೈಗೂ ಕೊಡುವುದಿಲ್ಲ. ನಿನ್ನ ಫೋನು ಹದಿನೈದು ದಿನದಿಂದ ಹತ್ತುತ್ತಿಲ್ಲ. ಹತ್ತಿದ್ದರೂ ಈ ವಿಷಯವನ್ನು ನಾನು ಫೋನಿನಲ್ಲಿ ಹೇಳುತ್ತಿರಲಿಲ್ಲ.

ದೀಪಾವಳಿ ಪಾಡ್ಯದ ಮರುದಿನ ಸಾವಳಗಿಯಲ್ಲಿ ಡೊಳ್ಳಿನ ಪದದ ಜಿದ್ದು ಇತ್ತು. ಅಪ್ಪನ ಮೇಳವನ್ನು ಕಟ್ಟಿಕೊಂಡು ನನ್ನ ಮಗ ಹಾಲೇಶ ಹೋಗಿದ್ದ, ನಾನೂ ಟೆಂಪೋದಲ್ಲಿ ಹೋಗಿದ್ದೆ. ಪದ್ಧತಿ ನಿನಗೆ ಗೊತ್ತೇ ಇದೆ. ಎದುರಿನ ಮೇಳದವರು ಸವಾಲು ಹಾಕುತ್ತಾರೆ, ನಾವು ಜವಾಬು ಹಾಡಬೇಕು, ಹಾಡಿದ್ದಕ್ಕೆ ಅವರು "ಆಧಾರ ತೋರಿಸ್ರಿ" ಅಂದರೆ ಪುಸ್ತಕ ತೆಗೆದು ಹಿರಿಯರ ಮುಂದೆ ಇಡಬೇಕು. ಅಪ್ಪ ಇದ್ದಾಗ ಟ್ರಂಕಿನ ತುಂಬ ಪುಸ್ತಕ ಒಯ್ಯುತ್ತಿದ್ದ, ಅದನ್ನು ಹೊತ್ತು ನಿನ್ನ ನೆತ್ತಿ ಸವೆದಿತ್ತು. ಹಾಲೇಶ ಮಾತ್ರ ಕಿಸೆಯಲ್ಲಿ ಫೋನು ಇಟ್ಟುಕೊಂಡು ಮದುವೆಗೆ ಬಂದವನ ಹಾಗೆ ಕೈ ಬೀಸುತ್ತ ಬಂದಿದ್ದ. ಅಂದು ಸವಾಲು ಹಾಕಿದವನು ಸಾವಳಗಿಯ ಜಕ್ಕಪ್ಪ. ಅವನು ಪುರಾಣದ ಕಡೆಗೆ ಹೋಗಲೇ ಇಲ್ಲ. "ಹಿನ್ನೀರು ಬಂದಾಗ ನಿಮ್ಮ ಬೀರಪ್ಪ ಎಲ್ಲಿದ್ದ? ನಿಮ್ಮ ಜೋಡಿ ಬಂದಾನೋ, ನೀರಾಗ ಕುಂತಾನೋ?" ಎಂದು ಹಾಡಿದ. ಕೂತ ಮಂದಿ ಹಾಲೇಶನ ಕಡೆಗೆ ತಿರುಗಿದರು.

ಹಾಲೇಶ ಹೆದರಲಿಲ್ಲ. ಹಳೇ ಊರು ಮುಳುಗಿದ ಮೇಲೆ ಅಪ್ಪ ಕಟ್ಟಿದ ಪದವನ್ನು ಎತ್ತಿಕೊಂಡ. ಅಪ್ಪನ ಪದಗಳ ಪುಸ್ತಕದಲ್ಲಿ ಕಟ್ಟಕಡೆಗೆ ಇರುವ ಪದ ಅದು. ಅಪ್ಪ ಅದನ್ನು ಅಚ್ಚಿಗೆ ಕೊಟ್ಟನೇ ಹೊರತು ಒಂದು ದಿನವೂ ಮೇಳದಲ್ಲಿ ಹಾಡಲಿಲ್ಲ, ಯಾಕೆಂದು ನಾವೂ ಕೇಳಲಿಲ್ಲ. "ಮುಳಗೂ ಊರಿನಿಂದ ದೇವರ ಹೊತ್ತು ಬಂದೇವೊ" ಎಂದು ಹಾಡಿ ಹಾಲೇಶ ಫೋನು ತೆಗೆದು ತೋರಿಸಿದ. ಜಕ್ಕಪ್ಪ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. ತನ್ನ ಫೋನು ತೆಗೆದ. ಅದೇ ಪುಸ್ತಕ, ಅದೇ ಪದ, ಕೆಳಗೆ ಗಿರಮಲ್ಲಪ್ಪ ಎಂದು ಅಪ್ಪನದೇ ಹೆಸರು. ಆದರೆ ಅಲ್ಲಿದ್ದದ್ದು "ದೇವರ ಬಿಟ್ಟು ಬಂದೇವೊ". ಹಿರಿಯರು ಎರಡೂ ಫೋನುಗಳನ್ನು ಕೈಯಿಂದ ಕೈಗೆ ದಾಟಿಸಿ ಕಣ್ಣು ಕಿರಿದು ಮಾಡಿ ನೋಡಿದರು. ಯಾವುದು ಮೊದಲಿನದು, ಯಾವುದು ತಿದ್ದಿದ್ದು ಎಂದು ಹೇಗೆ ಹೇಳುತ್ತಾರೆ? ಅಲ್ಲಿ ಕಾಟು ಹೊಡೆದ ಗುರುತಿಲ್ಲ, ಕೆರೆದ ಗುರುತಿಲ್ಲ. ಕೊನೆಗೆ ಹಿರಿಯ ತುಕಾರಾಮ ಕಾಕಾ ಎರಡನ್ನೂ ಕಂಬಳಿಯ ಮೇಲೆ ಬೋರಲು ಹಾಕಿ ಹೇಳಿದ: "ಇವೆರಡೂ ನಮಗ ಬ್ಯಾಡ. ಅಚ್ಚಿನ ಪುಸ್ತಕ ತರ್ರಿ. ಎಳ್ಳ ಅಮಾಸಿ ತನಕ ನೋಡ್ತೀವಿ. ತರಲಿಲ್ಲಂದ್ರ ಡೊಳ್ಳು ಕೆಳಗಿಡ್ರಿ." ಕೆಳಗಿಟ್ಟ ಡೊಳ್ಳನ್ನು ನಮ್ಮ ಕಡೆ ಮತ್ತೆ ಯಾರೂ ಹೆಗಲಿಗೆ ಏರಿಸುವುದಿಲ್ಲ, ಅದನ್ನು ನಾನು ನಿನಗೆ ಬಿಡಿಸಿ ಹೇಳಬೇಕಿಲ್ಲ.

ಅಚ್ಚಿನ ಪುಸ್ತಕ ಎಲ್ಲಿದೆ ಮುತ್ತಣ್ಣ? ಬನಹಟ್ಟಿಯ ಪ್ರೆಸ್ಸಿನಲ್ಲಿ ಅಪ್ಪ ಮುನ್ನೂರು ಪ್ರತಿ ಹಾಕಿಸಿದ್ದ. ಎರಡು ವರ್ಷದ ಹಿಂದೆ ಹಾಲೇಶ ಮನೆಮನೆಗೆ ಹೋಗಿ ಇದ್ದಬದ್ದ ಪ್ರತಿಗಳನ್ನೆಲ್ಲ ಕೂಡಿಸಿದ, ಎಲ್ಲರಿಗೂ ಮೆಮೊರಿ ಕಾರ್ಡಿನಲ್ಲಿ ಹಾಕಿಕೊಡುತ್ತೇನೆ ಎಂದ. ನಾನು ಕೊಡುವುದಿಲ್ಲ ಎಂದು ಹಟ ಹಿಡಿದೆ. "ಯವ್ವಾ, ಪುಸ್ತಕ ಅಂದ್ರ ಕಾಗದಲ್ಲ ಬೇ, ಒಳಗಿನ ಮಾತು. ಮಾತು ಉಳದ್ರ ಸಾಕಲ್ಲ?" ಎಂದ. ಖರೆ ಹೇಳುತ್ತೇನೆ, ಆಗ ನನಗೂ ಸರಿ ಎನಿಸಿತು. ನನ್ನ ಕಣ್ಣಿಗೆ ಸಣ್ಣ ಅಕ್ಷರ ಕಾಣುವುದಿಲ್ಲ, ಫೋನಿನಲ್ಲಿ ಬೆರಳು ಸರಿಸಿದರೆ ಅಕ್ಷರಗಳು ಹಲಗೆಬರಹದಷ್ಟು ದಪ್ಪವಾಗುತ್ತವೆ. ಇನ್ನು ಹತ್ತು ವರ್ಷಕ್ಕೆ ಅಚ್ಚಿನ ಪುಸ್ತಕವನ್ನು ಕೇಳುವವರೇ ಇರುವುದಿಲ್ಲ ಎಂದು ಅವನು ಹೇಳಿದಾಗ ನಾನೂ ಹೂಂಗುಟ್ಟಿದೆ. ಕುಳಿತು ಎಲ್ಲ ಪದಗಳನ್ನೂ ಟೈಪು ಮಾಡಿದ. ಆಮೇಲೆ ಆ ಪುಸ್ತಕಗಳು ಮಳೆಗಾಲದಲ್ಲಿ ಹಿತ್ತಲ ಶೆಡ್ಡಿನಲ್ಲಿ ನೆನೆದು ಮುದ್ದೆಯಾದವು, ಉಳಿದವು ಜಮಖಂಡಿಯ ರದ್ದಿ ಅಂಗಡಿಗೆ ಹೋದವು. ಅಚ್ಚಿನಲ್ಲಿ "ಹೊತ್ತು" ಎಂದೇ ಇತ್ತು ಎಂದು ನಾನು ಎಲ್ಲರ ಮುಂದೆ ಎದೆ ತಟ್ಟಿ ಹೇಳಿದ್ದೇನೆ. ಆದರೆ ಕಣ್ಣು ಮುಚ್ಚಿ ಆ ಪುಟ ನೆನೆಸಿಕೊಂಡರೆ ಫೋನಿನ ಬೆಳಕಿನಲ್ಲಿರುವ ಅಕ್ಷರಗಳೇ ಬರುತ್ತವೆ, ಕಾಗದದ್ದು ಬರುವುದಿಲ್ಲ. ಇದು ನನಗೆ ಬಹಳ ಅಂಜಿಕೆ ತಂದಿದೆ.

ಸಾವಳಗಿಯಿಂದ ಬಂದ ಮೇಲೆ ಊರು ಮೊದಲಿನ ಹಾಗಿಲ್ಲ. ಯಾರೂ ನೇರ ಕೇಳುವುದಿಲ್ಲ. ಹೋದ ಸೋಮವಾರ ಗುಡಿಗೆ ಹಾಲು ಬಂದದ್ದು ನಾಲ್ಕೇ ಮನೆಯಿಂದ. ಬೋರವ್ವ ಗುಡಿಯಲ್ಲಿ ಮಗನ ಜವಳ ತೆಗೆಸುವುದನ್ನು ಮುಂದೆ ಹಾಕಿದ್ದಾಳೆ, ಕಾರಣ ಕೇಳಿದರೆ "ನೋಡೂಣಂತ ಬೇ" ಎನ್ನುತ್ತಾಳೆ. ಗುಡಿಯ ಹಿಂದಿನ ಗೋಡೆಯ ಮೇಲೆ ಯಾರೋ ಇದ್ದಿಲಿನಿಂದ "ಒಳಗ ಯಾರು ಅದಾರ?" ಎಂದು ಬರೆದಿದ್ದರು. ಅವ್ವ ಆ ಕಡೆ ಬರುವುದರೊಳಗೆ ನಾನು ಸೆಗಣಿ ಬಳಿದುಬಂದೆ. ಈ ವರ್ಷ ಹಿನ್ನೀರು ಇನ್ನೂ ಇಳಿದಿಲ್ಲ, ಹಳೇ ಗುಡಿಯ ಕಡೆಗೆ ನೋಡಿದರೆ ಬರೀ ನೀರು. ಅವ್ವನಿಗೆ ಇದರ ಸುಳಿವೇ ಇಲ್ಲ. ಊರು ಬಿಟ್ಟ ದಿನ ಅಪ್ಪ ದೇವರನ್ನು ಕಂಬಳಿಯಲ್ಲಿ ಗಂಟು ಕಟ್ಟಿ ತಲೆಯ ಮೇಲೆ ಹೊತ್ತು ನಡೆದದ್ದನ್ನು, ದಾರಿಯಲ್ಲಿ ಒಂದು ಸಲವೂ ಕೆಳಗಿಳಿಸದಿದ್ದುದನ್ನು ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ. ಮನೆ, ಹೊಲ, ಬಾವಿ ಎಲ್ಲ ಹೋದರೂ ಅವಳು ಕಣ್ಣೀರು ಹಾಕಲಿಲ್ಲ, ದೇವರು ಜೊತೆಗೆ ಬಂದನಲ್ಲ ಎಂದಳು. ಆ ಒಂದು ಮಾತಿನ ಮೇಲೆ ಅವಳು ಇಷ್ಟು ವರ್ಷ ಇಲ್ಲಿ ಬದುಕಿದ್ದಾಳೆ.

ಉಳಿದಿರುವ ಒಂದೇ ಪ್ರತಿ ನಿನ್ನದು. ಭರ್ತಿಯಾಗಿ ಹೊರಟಾಗ ಅಪ್ಪ ನಿನ್ನ ಟ್ರಂಕಿನ ತಳದಲ್ಲಿ ಇಟ್ಟುಕೊಟ್ಟಿದ್ದಲ್ಲ, ಅದು. ನೀನು ಓದುವ ಪೈಕಿ ಅಲ್ಲ, ತೆಗೆದೇ ಇರಲಿಕ್ಕಿಲ್ಲ. ಜನ್ಮದಲ್ಲಿ ಮೊದಲ ಸಲ ನಿನ್ನ ಸೋಮಾರಿತನಕ್ಕೆ ಕೈ ಮುಗಿಯುತ್ತೇನೆ. ರಜೆ ಸಿಕ್ಕರೆ ನೀನೇ ತಾ. ಸಿಗದಿದ್ದರೆ ಬಟ್ಟೆಯಲ್ಲಿ ಹೊಲಿದು ರಜಿಸ್ಟರ್ ಮಾಡಿ ಕಳಿಸು. ಫೋಟೋ ಹೊಡೆದು ಕಳಿಸಬೇಡ, ಇಲ್ಲಿ ಈಗ ಫೋಟೋವನ್ನೂ ಯಾರೂ ನಂಬುವುದಿಲ್ಲ. ಅಚ್ಚಾದ ಅಕ್ಷರ ಯಾರ ಮುಲಾಜಿಗೂ ಬದಲಾಗುವುದಿಲ್ಲ, ನಮಗೀಗ ಬೇಕಾದದ್ದು ಅದೇ.

ಮೈ ಕಡೆ ಲಕ್ಷ್ಯ ಇರಲಿ, ಹೊತ್ತಿಗೆ ಸರಿಯಾಗಿ ಉಣ್ಣು. ಅವ್ವ ನಿನ್ನ ತಲೆಯ ಮೇಲೆ ಕೈಯಿಟ್ಟಿದ್ದಾಳೆಂದು ತಿಳಿ. ನಿನ್ನ ಜೊತೆಯ ಹುಡುಗರಿಗೂ ನಮ್ಮೆಲ್ಲರ ನೆನಪು ಹೇಳು.

ನಿನ್ನ ಅಕ್ಕ,
ಸುಂದರವ್ವ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಹಾಲೇಶ ಬಂದು ಎದುರಿಗೆ ಕುಳಿತ. "ಯವ್ವಾ, ಮಾಮಾನ ಪುಸ್ತಕ ತರಸಬ್ಯಾಡ. ಜಕ್ಕಪ್ಪನ ಫೋನಿನ್ಯಾಗಿದ್ದದ್ದು ನಾ ಮೊದಲ ಟೈಪ್ ಮಾಡಿ ಹಂಚಿದ್ದು. ಮುತ್ಯಾ ಬರದು ಅಚ್ಚಿಗೆ ಕೊಟ್ಟದ್ದೂ 'ಬಿಟ್ಟು' ಅಂತನ. ಮುದಿ ಆಯಿ ಕೇಳಿದ್ರ ಎದಿ ಒಡಕೋತಾಳಂತ ಆಮ್ಯಾಲ ನಾನ ತಿದ್ದೀನಿ" ಎಂದ. ಗಂಟು ಕಟ್ಟಿದವನು ಅಪ್ಪ, ಹೊಸ ಗುಡಿಯಲ್ಲಿ ಪರದೆ ಎಳೆದುಕೊಂಡು ಒಳಗೆ ಬಿಚ್ಚಿದವನೂ ಅಪ್ಪ, ಗಂಟಿನಲ್ಲಿ ಏನಿತ್ತೋ ನಾವ್ಯಾರೂ ಕಂಡಿಲ್ಲ. ಬಾಯಿಬಿಟ್ಟು ಹೇಳಲಾರದ್ದನ್ನು ಅಚ್ಚಿಗೆ ಕೊಟ್ಟು ಸತ್ತಿದ್ದಾನೆ. ಮುತ್ತಣ್ಣ, ಪುಸ್ತಕ ಕಳಿಸಬೇಡ. ಯಾರು ಕೇಳಿದರೂ ಕಳೆದಿದೆ ಎನ್ನು. ಕಡೆಯ ಹಾಳೆ ಹರಿದು ಒಲೆಗೆ ಹಾಕು, ಈ ಕಾಗದವನ್ನೂ ಹಾಕು. ಡೊಳ್ಳು ಕೆಳಗಿಡುವುದಾದರೆ ಇಡೋಣ. ಪುಸ್ತಕ ತರಿಸುವ ಸುದ್ದಿ ಅವ್ವನಿಗೆ ಹೇಗೋ ಮುಟ್ಟಿದೆ, ಹೊರಗೆ ಕಟ್ಟೆಯ ಮೇಲೆ ಕುಳಿತು ಪುಸ್ತಕ ಬಂದ ದಿನ ಆ ಪದವನ್ನು ಮೊದಲು ತನಗೇ ಓದಿ ಹೇಳಬೇಕೆಂದು ಕೂಗಿ ಹೇಳುತ್ತಿದ್ದಾಳೆ. ಹೂಂ ಎಂದಿದ್ದೇನೆ.