ಒಳಕೋಣೆಯ ಚಕ್ಕೆ ಬಿಲ್ಲೆಗಳು

ತಾರೀಕು ೧೪, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಅಮ್ಮನ ಆಶೀರ್ವಾದಗಳು. ನಿನ್ನ ಪತ್ರ ಬಂದು ಹದಿನೆಂಟು ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಬರೆಯೋಣ ಎಂದು ಕೂತರೆ ಪೆನ್ನು ಹಿಡಿಯುವ ಮೊದಲೇ ಕಣ್ಣು ಎಳೆಯುತ್ತದೆ.

ಅಪ್ಪನ ಕಾಲಿನ ಹುಣ್ಣು ಹಾಗೇ ಇದೆ. ನರ್ಸಮ್ಮ ದಿನ ಬಿಟ್ಟು ದಿನ ಬಂದು ಪಟ್ಟಿ ಬದಲಿಸುತ್ತಾಳೆ. ಸಕ್ಕರೆ ಹತೋಟಿಯಲ್ಲಿದ್ದರೆ ಮಾಯಲು ಇನ್ನೂ ಮೂರು ತಿಂಗಳು ಬೇಕಂತೆ. ಅಲ್ಲಿಯವರೆಗೆ ವಾಸನೆ ಇದ್ದೇ ಇರುತ್ತದಂತೆ.

ನೀನು ಕೇಳಿದ್ದೂ ಅದನ್ನೇ. ಹೋದ ಸಲ ಪಾಪು ಬಾಗಿಲಲ್ಲೇ ನಿಂತು "ತಾತ ನಾರ್ತಾನೆ" ಅಂದದ್ದು ನಿನ್ನ ಮನಸ್ಸಿನಿಂದ ಹೋಗಿಲ್ಲ. ಮೂರು ವರ್ಷದ ಮಗು, ಅದಕ್ಕೇನು ಗೊತ್ತು. ಅವತ್ತಿನಿಂದ ನೀನು ಅದನ್ನು ಕರೆದುಕೊಂಡು ಬಂದಿಲ್ಲ. ಅಪ್ಪ ಮಾತ್ರ ದಿನಾ ಕೇಳುತ್ತಾರೆ, ಪಾಪು ಯಾವಾಗ ಬರುತ್ತೆ ಎಂದು.

ಅದಕ್ಕೇ ಒಂದು ಉಪಾಯ ಮಾಡಿದ್ದೇನೆ. ಪಕ್ಕದ ಮನೆಯ ಟೀಚರ್ ಹೇಳಿಕೊಟ್ಟದ್ದು, ಕೋಣೆಯಲ್ಲಿ ತೂಗುಹಾಕುವ ಪರಿಮಳದ ಬಿಲ್ಲೆ. ಸೇಬು ಬೇಯಿಸಿ ನುಣ್ಣಗೆ ಅರೆದು, ಅದಕ್ಕಿಂತ ತುಸು ಹೆಚ್ಚೇ ಚಕ್ಕೆ ಪುಡಿ, ಚಿಟಿಕೆ ಲವಂಗದ ಪುಡಿ, ಎರಡು ಚಮಚ ಗೋಂದು ಹಾಕಿ ಕಲಸಬೇಕು. ಲಟ್ಟಿಸಿ, ಡಬ್ಬಿಯ ಮುಚ್ಚಳದಿಂದ ಬಿಲ್ಲೆ ಒತ್ತಿ, ದಾರಕ್ಕೆ ತೂತು ಬಿಟ್ಟು, ನೆರಳಲ್ಲಿ ಒಣಗಿಸಬೇಕು. ನಾನು ಅವಸರಕ್ಕೆ ಬಿಸಿಲಿಗಿಟ್ಟೆ. ಮೊದಲ ಸಲದವೆಲ್ಲ ಅಂಚು ಎದ್ದು, ತೂತಿನ ಹತ್ತಿರ ಸೀಳಿದವು.

ಅಪ್ಪ ಒಂದನ್ನು ಬೆಳಕಿಗೆ ಹಿಡಿದು ನೋಡಿದರು. "ತೂತು ಅಂಚಿಗೆ ಅಷ್ಟು ಹತ್ರ ಇಟ್ರೆ ಹರಿಯದೆ ಇನ್ನೇನು? ಇಲ್ಲಿ ಕೊಡು, ಕಾಲು ತಾನೇ ಕೆಟ್ಟಿರೋದು, ಕೈಯಲ್ಲ" ಅಂದರು. ಎರಡನೇ ಸಲ ತೂತುಗಳೆಲ್ಲ ಅವರವೇ, ದಬ್ಬಳದಿಂದ ಮಾಡಿದ್ದು. "ನಲವತ್ತು ವರ್ಷ ಅಂಗಿಗೆ ಕಾಜಾ ಹೊಲಿದೆ. ಹಿಟ್ಟಿಗೆ ಇದೇ ಮೊದಲು" ಎಂದು ಒಬ್ಬರೇ ನಕ್ಕರು. ಪಾಪುಗೆಂದು ಅದೇ ಹಿಟ್ಟಿನಲ್ಲಿ ಕತ್ತರಿಯಿಂದ ಒಂದು ಮೀನನ್ನೂ ಕತ್ತರಿಸಿದರು.

ನರ್ಸಮ್ಮ ಬಂದು ನೋಡಿ, "ಏನ್ರೀ ಟೈಲರ್ರೇ, ಕಾಲು ತೋರ್ಸಿ ಅಂದ್ರೆ ಅಂಗಡಿ ತೆಗೆದಿದೀರಲ್ಲ" ಅಂದಳು.

"ಅಳತೆ ಕೊಡಿ ಸಿಸ್ಟರ್, ನಿಮಗೂ ಒಂದು ಮಾಡ್ಕೊಡ್ತೀನಿ" ಅಂದರು ಅಪ್ಪ.

ಮೂರು ದಿನ ಬೆಳಿಗ್ಗೆ, ಸಂಜೆ ಮಗುಚಿ ಹಾಕಿದೆ. ಒಟ್ಟು ಇಪ್ಪತ್ತೆರಡು. ಕಿಟಕಿಯ ಸರಳಿಗೆ, ಬಾಗಿಲಿಗೆ, ಮಂಚದ ತಲೆಯ ಕಡೆ ಕಟ್ಟಿದ್ದೇನೆ. ವಾಸನೆ ಪೂರ್ತಿ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಬಾಗಿಲಿಗೆ ಬಂದವರಿಗೆ ಮೊದಲು ಮೂಗಿಗೆ ಬಡಿಯುವುದು ಚಕ್ಕೆ. ಶನಿವಾರ ಪಟ್ಟಿ ಬದಲಿಸುತ್ತಾರೆ, ನೀವು ಭಾನುವಾರ ಬಂದರೆ ಸರಿ.

ಮೂವರೂ ಚೆನ್ನಾಗಿರಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ಪಾಪುಗೆ ಒಂದು ಮುತ್ತು.

ನಿನ್ನ,
ಅಮ್ಮ

ತಾ.ಕ. ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಎರಡು ತಿಂಗಳಿಂದ ನಾನು ಹಜಾರದಲ್ಲಿ ಮಲಗುತ್ತಿದ್ದೇನೆ. ಸೊಂಟನೋವಿಗೆ ನೆಲವೇ ವಾಸಿ ಎಂದು ಅಪ್ಪನಿಗೆ ಹೇಳಿದ್ದೆ. ಊಟದ ತಟ್ಟೆ ಇಟ್ಟವಳೇ ಹೊರಗೆ ಬರುತ್ತೇನೆ, ಒಲೆಯ ಮೇಲೆ ಏನೋ ಇದೆ ಎನ್ನುತ್ತೇನೆ. ನಿನ್ನೆ ಕೊನೆಯ ಬಿಲ್ಲೆ ಕಟ್ಟುವಾಗ, "ಇನ್ನು ಪಾಪುಗೆ ತೊಂದ್ರೆ ಇಲ್ಲ ಬಿಡಿ" ಅಂದೆ. ಅಪ್ಪ ದಾರಕ್ಕೆ ಗಂಟು ಹಾಕುತ್ತಲೇ, "ಪಾಪು ಒಂದು ಗಂಟೆ ಇದ್ದು ಹೋಗುತ್ತೆ. ನೀನು ಇನ್ಮೇಲೆ ಒಳಗೆ ಮಲಗ್ತೀಯಾ?" ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಗೋಂದಿನ ಬಟ್ಟಲು ತೊಳೆಯಬೇಕು ಎಂದು ಎದ್ದು ಬಂದೆ. ಗುಬ್ಬಿ, ಬಂದಾಗ ನಾಲ್ಕು ದಿನ ಇರು, ಅವರ ಹತ್ತಿರ ಕೂತುಕೋ. ನನ್ನ ಹಾಸಿಗೆ ಇನ್ನೂ ಹಜಾರದಲ್ಲೇ ಇದೆ.