ಮುಂಬಾಗಿಲು ತಟ್ಟಿದವನು

೧೪, ಲ್ಯಾಪ್‌ವಿಂಗ್ ಬೀದಿ
ಬ್ರ್ಯಾಕನ್ ಹೇ
ಭಾನುವಾರ, ೧೦ ಫೆಬ್ರವರಿ ೨೦೦೮

ಕ್ಲಿಫ್,

ಮೊದಲು ಕೂತುಕೋ. ನಿನ್ನಕ್ಕ ಅಲ್ಲೇ ಇದ್ದರೆ ಎದ್ದು ನಿನ್ನ ರೂಮಿಗೆ ಹೋಗು, ಹೆಗಲ ಮೇಲಿಂದ ಇಣುಕಿ ಓದುವ ಅವಳ ಚಾಳಿ ನನಗೆ ಗೊತ್ತು. ಮಂಡಿ ಹೇಗಿದೆ? ಸಮುದ್ರದ ಗಾಳಿ ನಿಜವಾಗಿ ಒಗ್ಗಿದೆಯೋ, ಇಲ್ಲಾ ನನ್ನ ಮುಂದೆ ಸೋಲಬಾರದು ಅಂತ ಒಗ್ಗಿದೆ ಅಂತೀಯೋ? ಕುಶಲ ಪ್ರಶ್ನೆ ಇಷ್ಟೇ. ಮುಂದೆ ಇರುವುದು ಕುಶಲದ ಸಮಾಚಾರ ಅಲ್ಲ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಅಂತೀಯ. ನಮ್ಮ ಮನೆ ಒಡೆಯರು, ಆ ಕೌನ್ಸಿಲ್‌ನವರು, ಹಿಂದಿನ ಸಾಲಿನ ಮನೆಗಳನ್ನು ಕೆಡವುವಾಗ ನಮ್ಮ ತಂತಿಯನ್ನೂ ಕಿತ್ತುಹಾಕಿದರು, ಕೇಳುವವರು ಯಾರಿದ್ದಾರೆ? ಇದ್ದಿದ್ದರೂ ನಿನಗೆ ಮಾಡುತ್ತಿರಲಿಲ್ಲ ಬಿಡು. ಕ್ರಿಸ್‌ಮಸ್ ದಿನ ಮಾಡಿದಾಗ ನಾನು ಗ್ಲೆನ್ ಹೆಸರೆತ್ತಿದ್ದೇ ತಡ, ನಿನ್ನ ಗಂಟಲು ಏರಿತು. ಅವನು ಬರಲ್ಲ ಬೆರಿಲ್, ಇಪ್ಪತ್ತೆರಡು ವರ್ಷ ಆಯ್ತು, ಹೋದ ಮಗನ ನೆಪದಲ್ಲಿ ಆ ಹಾಳು ಮನೆ ಕಾಯೋದು ಬಿಡು ಅಂತ ಹೇಳಿ ಟಪ್ಪಂತ ಇಟ್ಟುಬಿಟ್ಟೆ. ನಾನು ಈ ಮನೆ ಬಿಡದೆ ಕೂತಿದ್ದು ಹಟಕ್ಕಲ್ಲ ಅಂತ ನಿನಗೂ ಗೊತ್ತು. ಅವನಿಗೆ ಗೊತ್ತಿರುವುದು ಈ ಒಂದೇ ವಿಳಾಸ. ಅವನು ಬರುವುದಾದರೆ ಇಲ್ಲಿಗೇ ಬರಬೇಕಿತ್ತು. ನಿನ್ನ ಮಾತಿಗೆ ಉತ್ತರ ಈ ಕಾಗದದಲ್ಲೇ ಇದೆ, ಆದರೆ ಒಂದೇ ಸಲ ಬರೆದು ಮುಗಿಸಲು ಕೈ ಏಳುತ್ತಿಲ್ಲ. ಸ್ವಲ್ಪ ಸುತ್ತಿ ಬಳಸಿ ಬರ್ತೀನಿ, ಬೈಯಬೇಡ.

ನೀನು ಈ ಮನೆ ಬಿಟ್ಟು ಅಕ್ಕನ ಹತ್ತಿರ ಹೋದಾಗ ನಮ್ಮ ಬೀದಿಯಲ್ಲಿ ಅರ್ಧ ಮನೆಗಳಲ್ಲಾದರೂ ದೀಪ ಉರಿಯುತ್ತಿತ್ತು. ಈಗ ಎರಡೇ ಮನೆ. ಒಂದು ನನ್ನದು, ಇನ್ನೊಂದು ಎದುರಿನ ನೊರೀನ್‌ದು. ಉಳಿದ ಮನೆಗಳನ್ನು ಕೆಡವಲು ಖಾಲಿ ಮಾಡಿಸಿ, ಕಿಟಕಿ ಬಾಗಿಲಿಗೆಲ್ಲ ತಗಡು ಬಡಿದಿದ್ದಾರೆ. ಕ್ಲಬ್ಬಿನ ಛಾವಣಿಯ ಸೀಸ ಕದ್ದುಕೊಂಡು ಹೋದರು, ಈಗ ನೀನು ಡಾರ್ಟ್ಸ್ ಆಡುತ್ತಿದ್ದ ಜಾಗದಲ್ಲಿ ನೀರು ನಿಂತಿದೆ. ನೊರೀನ್ ಬೆಳಿಗ್ಗೆ ಎದ್ದು ಪರದೆ ಸರಿಸಿ ನನಗೆ ಕೈ ಬೀಸುತ್ತಾಳೆ, ನಾನೂ ಬೀಸುತ್ತೀನಿ. ಸತ್ತಿಲ್ಲ ತಾನೆ ಅಂತ ಒಬ್ಬರನ್ನೊಬ್ಬರು ವಿಚಾರಿಸುವುದು ಹಾಗೆ.

ನಾವು ಇಲ್ಲಿಗೆ ಬಂದ ದಿನ ನೆನಪಿದೆಯಾ ಕ್ಲಿಫ್? ಪೇಟೆಯ ಆ ವಠಾರದಲ್ಲಿ ಆರು ಸಂಸಾರಕ್ಕೆ ಅಂಗಳದಲ್ಲಿ ಒಂದು ಕಕ್ಕಸು. ಅಲ್ಲಿಂದ ಕಲ್ಲಿದ್ದಲಿನ ಲಾರಿಯಲ್ಲಿ ಮಂಚ ಹೇರಿಕೊಂಡು ಇಲ್ಲಿ ಇಳಿದೆವು. ರಸ್ತೆಯೇ ಇರಲಿಲ್ಲ, ಕೆಸರಿನ ಮೇಲೆ ಹಲಗೆ ಹಾಸಿದ್ದರು. ಅಂಗಡಿ ಇಲ್ಲ, ಬಸ್ಸಿಲ್ಲ, ನೆಟ್ಟ ಸಸಿಗಳು ನನ್ನ ಮೊಣಕಾಲಿಗೂ ಬರುತ್ತಿರಲಿಲ್ಲ. ಆದರೂ ಸ್ನಾನದ ತೊಟ್ಟಿ ನೋಡಿ ನಾನು ಅತ್ತುಬಿಟ್ಟೆ. ನೀನು ಬಟ್ಟೆ ಸಮೇತ ಅದರಲ್ಲಿ ಮಲಗಿ ಸಿಗರೇಟು ಹಚ್ಚಿ, ಮಹಾರಾಣಿಯವರು ಬಾಗಿಲು ಹಾಕಿಕೊಂಡು ಹೋಗಬೇಕು ಅಂದೆ. ಆಗಲೇ ಎದುರಿನ ಮನೆಯ ನೊರೀನ್ ಟೀ ಹಿಡಿದು ಬಂದು ಮುಂಬಾಗಿಲು ತಟ್ಟಿದಳು. ನೀನೇನು ಬಾಡಿಗೆ ವಸೂಲಿಗೆ ಬಂದವಳೇನೇ, ಸುತ್ತಿ ಹಿತ್ತಿಲ ಕಡೆಯಿಂದ ಬಾ ಅಂತ ನಾನು ಗದರಿದೆ. ಅವಳು ಬಿದ್ದು ಬಿದ್ದು ನಕ್ಕಳು. ಆವತ್ತಿನಿಂದ ಅವಳು ನನ್ನ ಹಿತ್ತಿಲ ಬಾಗಿಲು ತಟ್ಟಿದ್ದೂ ಇಲ್ಲ, ನೂಕಿಕೊಂಡು ಬಂದುಬಿಡುತ್ತಾಳೆ.

ಇಡೀ ಬ್ರ್ಯಾಕನ್ ಹೇ ಹಾಗೇ ಇತ್ತಲ್ಲ. ಮುಂಬಾಗಿಲು ತೆರೆಯುತ್ತಿದ್ದದ್ದು ಮದುವಣಗಿತ್ತಿಗೆ, ಡಾಕ್ಟರಿಗೆ, ಹೆಣಕ್ಕೆ. ಮಿಕ್ಕಂತೆ ಮುಂಬಾಗಿಲು ತಟ್ಟಿದವನು ಅಂದರೆ ಏನನ್ನೋ ಕಿತ್ತುಕೊಂಡು ಹೋಗಲು ಬಂದವನು ಅಂತಲೇ ಲೆಕ್ಕ. ಮಕ್ಕಳು ಸೋಫಾದ ಹಿಂದೆ, ನಾವು ಮೆಟ್ಟಿಲ ಮೇಲೆ, ಎಲ್ಲರೂ ಗಪ್‌ಚಿಪ್. ಕೋಟು ಹಾಕಿದ ಯಾವನಾದರೂ ಬಂದು ಪಕ್ಕದ ಮನೆಯಲ್ಲಿ ಯಾರಿದ್ದಾರೆ ಅಂತ ಕೇಳಿದರೆ, ಅಯ್ಯೋ ಪಕ್ಕದಲ್ಲಿ ಮನೆ ಇದೆಯಾ ಅನ್ನುವ ಪೈಕಿ ನಾವು. ಅದು ಸುಳ್ಳು ಅಂತ ನಮಗೆ ಒಂದು ದಿನವೂ ಅನ್ನಿಸಿರಲಿಲ್ಲ. ನೆರೆಹೊರೆ ಅಂದರೆ ಅದೇ ಆಗಿತ್ತು.

ಕೇಬಲ್ ಕಾರ್ಖಾನೆಯ ಮುಷ್ಕರದ ವಿಷಯ ಬರೆಯಬಾರದು ಅಂದುಕೊಂಡಿದ್ದೆ, ಬರೆಯದೆ ವಿಧಿಯಿಲ್ಲ. ಆ ಚಳಿಗಾಲ ಗಂಡಸರೆಲ್ಲ ಗೇಟಿನ ಮುಂದೆ ಬೆಂಕಿ ಕಾಯಿಸಿಕೊಂಡು ನಿಂತಿದ್ದಿರಿ. ಹೆಂಗಸರೆಲ್ಲ ಕ್ಲಬ್ಬಿನಲ್ಲಿ ಒಂದೇ ಹಂಡೆಯಲ್ಲಿ ಸೂಪು ಕುದಿಸಿ ಇಡೀ ಬೀದಿಗೆ ಬಡಿಸುತ್ತಿದ್ದೆವು. ನಮ್ಮ ಗ್ಲೆನ್, ಹದಿನೆಂಟು ತುಂಬಿದ್ದ ಹುಡುಗ, ನಾನು ನನ್ನ ಪಾಲಿನ ಸೂಪನ್ನು ಅವನ ಬಟ್ಟಲಿಗೆ ಸುರಿಯುವುದನ್ನು ನೋಡಿದ. ಮಾರನೆಯ ವಾರ, ಮುಷ್ಕರ ಮುರಿಯುವವರನ್ನು ಒಯ್ಯುತ್ತಿದ್ದ, ಕಿಟಕಿಗೆ ಜಾಲರಿ ಹಾಕಿದ ಆ ಬಸ್ಸು ಹತ್ತಿ, ನಿಮ್ಮೆಲ್ಲರ ಕಣ್ಣೆದುರೇ ಗೇಟು ದಾಟಿ ಕೆಲಸಕ್ಕೆ ಹೋದ. ನೊರೀನ್ ಕೂಡ ಅವನನ್ನು ಕಂಡರೆ ಬೆನ್ನು ತಿರುಗಿಸಿದಳು. ನೀನು ಬೀದಿಯ ನಡುವೆ ನಿಂತು, ಎಲ್ಲರಿಗೂ ಕೇಳುವ ಹಾಗೆ, ಇನ್ನೊಂದು ಸಲ ನನ್ನ ಹಿತ್ತಿಲ ಬಾಗಿಲು ತುಳಿದೆಯೋ ಕಾಲು ಮುರಿದುಹಾಕ್ತೀನಿ ಅಂದೆ. ಬೆಳಗಾಗುವುದರೊಳಗೆ ಹುಡುಗ ಹೊರಟುಹೋಗಿದ್ದ. ಆಮೇಲೆ ಒಂದು ಸಾಲು ಬರಲಿಲ್ಲ. ಬೈದದ್ದು ಬೀದಿಯಲ್ಲಿ, ಅತ್ತದ್ದು ದಿಂಬಿನೊಳಗೆ. ಅದೇ ನಿನ್ನ ಹಣೆಬರಹ ಕ್ಲಿಫ್. ನಿನ್ನ ಅಳು ನಾನೊಬ್ಬಳೇ ಕೇಳಿದ್ದು, ಅವನು ಕೇಳಲಿಲ್ಲ.

ಈಗ ಮಂಗಳವಾರದ್ದು ಹೇಳ್ತೀನಿ.

ಅದಕ್ಕೂ ಮುಂಚೆ ಒಂದು. ಮನೆ ಖಾಲಿ ಮಾಡು ಅನ್ನುವ ಕೋರ್ಟಿನ ಕಾಗದ ನನ್ನ ಕೈಗೇ ಕೊಡಬೇಕು, ಕೈಗೆ ಕೊಡದೆ ಏನೂ ಮಾಡಲಾರರು ಅಂತ ಕ್ಲಬ್ಬಿನಲ್ಲಿ ಯಾರೋ ಹಿಂದೆ ಹೇಳಿದ್ದರು. ಹಾಗಾಗಿ ಕೌನ್ಸಿಲ್‌ನ ಕೋಟು ಬಂದಾಗಲೆಲ್ಲ ನಾನು ಮಾಯ. ನೊರೀನ್‌ಗೂ ಪಾಠ ಹೇಳಿಕೊಟ್ಟಿದ್ದೆ. ಊರು ಬಿಟ್ಟಳು ಅನ್ನಬೇಡ, ಎಲ್ಲಿಗೆ ಅಂತ ಕೇಳ್ತಾರೆ, ಸತ್ತಳು ಅನ್ನು, ಸತ್ತವರ ವಿಳಾಸ ಯಾರೂ ಕೇಳಲ್ಲ ಅಂತ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಮಂಗಳವಾರ ಮಧ್ಯಾಹ್ನ ಮುಂಬಾಗಿಲು ತಟ್ಟಿದ ಸದ್ದಾಯಿತು. ಮೆತ್ತಗೆ. ಕೋಟಿನವನು ಹಾಗೆ ತಟ್ಟುವವನಲ್ಲ, ಮುಷ್ಟಿಯಿಂದ ಗುದ್ದುತ್ತಾನೆ. ಇದು ಯಾವುದೋ ಹೊಸ ವರಸೆ ಅಂದುಕೊಂಡೆ. ಎಂದಿನಂತೆ ಮೆಟ್ಟಿಲ ಮೇಲೆ ಕೂತು ಬಾಯಿಗೆ ಕೈ ಅಡ್ಡ ಹಿಡಿದೆ. ಕೈಯಲ್ಲಿದ್ದ ಬಿಸ್ಕತ್ತು ಕಡಿದರೆ ಸದ್ದಾದೀತು ಅಂತ ಬಾಯಲ್ಲೇ ನೆನೆಸಿಕೊಂಡು ತಿಂದೆ, ನೋಡು ನನ್ನ ಜಾಣತನ. ಬಾಗಿಲಿನ ಮಬ್ಬು ಗಾಜಿನಾಚೆ ಕಪ್ಪು ಕೋಟು, ಬೋಳು ತಲೆ. ಮತ್ತೆ ತಟ್ಟಿದ. ಆಮೇಲೆ ಅಂಗೈಯನ್ನು ಗಾಜಿಗೆ ಒತ್ತಿ ಹಾಗೇ ನಿಂತ. ಒಳಗೆ ಇಣುಕುತ್ತಿದ್ದಾನೆ ಕಳ್ಳ ಅಂತ ನಾನು ಇನ್ನೂ ಮುದುಡಿ ಕೂತೆ. ತುಂಬಾ ಹೊತ್ತು ನಿಂತಿದ್ದ ಕ್ಲಿಫ್. ಕೈ ತೆಗೆದ ಮೇಲೂ ಗಾಜಿನ ಮೇಲೆ ಉಗಿಯ ಗುರುತು ಇತ್ತು. ಅವನು ಗೇಟು ದಾಟಿದ ಸದ್ದು ಕೇಳಿದ ಮೇಲೆ ನಾನು ಎದ್ದು ಒಲೆಯ ಮೇಲೆ ಕೆಟಲ್ ಇಟ್ಟೆ, ಗೆದ್ದೆ ಅಂತ.

ಆಗ ನೊರೀನ್ ಹಿತ್ತಿಲಿಂದ ನುಗ್ಗಿದಳು. ಕಾಲಲ್ಲಿ ಒಂದೇ ಚಪ್ಪಲಿ. ಏದುಸಿರು. ನೀರು ಕುಡಿಸಿ ಕೂರಿಸಿದೆ. ಆಮೇಲೆ ಬಾಯಿ ಬಿಟ್ಟಳು. ಆ ಮನುಷ್ಯ ರಸ್ತೆ ದಾಟಿ ಅವಳ ಹತ್ತಿರ ಬಂದನಂತೆ. ಎದುರುಮನೆ ಬೆರಿಲ್ ಇನ್ನೂ ಅಲ್ಲೇ ಇದ್ದಾರಾ ಅಂತ ಕೇಳಿದನಂತೆ. ಇವಳು ನಾನು ಕಲಿಸಿದ ಪಾಠ ಒಪ್ಪಿಸಿದಳು. ಬೆರಿಲ್ ಹೋಗಿಬಿಟ್ಟಳಪ್ಪಾ, ಹೋದ ವರ್ಷವೇ ತೀರಿಕೊಂಡಳು, ಗಂಡ ಎಲ್ಲಿಗೋ ಹೋದ, ಆ ಮನೆಯಲ್ಲಿ ಯಾರೂ ಇಲ್ಲ. ಅವನು ನಮ್ಮ ಮನೆ ಕಡೆ ತಿರುಗಿ ಸ್ವಲ್ಪ ಹೊತ್ತು ನೋಡಿದನಂತೆ. ಆಮೇಲೆ, ಹೇಳಿದ್ದು ಒಳ್ಳೇದಾಯ್ತು, ಬರ್ತೀನಿ ನೊರೀನ್ ಆಂಟಿ ಅಂದನಂತೆ.

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಹೊಳೆಯಿತಂತೆ. ಕೌನ್ಸಿಲ್‌ನವರು ಯಾರಾದರೂ ಆಂಟಿ ಅಂತಾರಾ? ಈ ಬೀದಿಯಲ್ಲಿ ಹುಟ್ಟಿ ಬೆಳೆದ ಮಕ್ಕಳಲ್ಲದೆ ಅವಳನ್ನು ನೊರೀನ್ ಆಂಟಿ ಅನ್ನುವವರು ಯಾರು? ಆ ಬೋಳು ತಲೆಯ ಕೆಳಗಿದ್ದದ್ದು ನಮ್ಮ ಗ್ಲೆನ್ ಮುಖ ಅಂತ ಆಗ ಗುರುತು ಹತ್ತಿತಂತೆ. ಬಸ್ ಸ್ಟಾಪಿನವರೆಗೂ ಓಡಿದಳಂತೆ, ಎಪ್ಪತ್ತೈದರ ಹೆಂಗಸು, ಆ ಸೊಂಟ ಇಟ್ಟುಕೊಂಡು. ಬಸ್ಸು ತಿರುವಿನಲ್ಲಿತ್ತು. ಕೈ ಬೀಸಿದರೆ ನಿಲ್ಲಿಸಲಿಲ್ಲ.

ಹೊಡೆದುಬಿಡೋಣ ಅನ್ನಿಸಿತು ಅವಳನ್ನು. ಕೈ ಎತ್ತಿಯೂ ಇದ್ದೆ. ಅವಳು ತಲೆ ಬಗ್ಗಿಸಿ ಕೂತಿದ್ದಳು, ಏಟು ತಿನ್ನೋಕೆ ಅಂತಲೇ ಬಂದವಳ ಹಾಗೆ. ಆಮೇಲೆ ಅವಳ ಕಾಲಿನ ಕೆಸರು ತೊಳೆದೆ. ಇಬ್ಬರೂ ಅತ್ತೆವು. ಅವಳದೇನು ತಪ್ಪು? ನಾನೇ ಸತ್ತೆ ಅಂತ ಹೇಳು ಅಂದಿದ್ದು. ಜೀವಮಾನವೆಲ್ಲ ಒಬ್ಬರನ್ನೊಬ್ಬರು ಕಾಪಾಡಿಕೊಂಡ ರೀತಿ ಅದೇ ತಾನೆ, ಅದೇ ನನ್ನ ಮಗನನ್ನು ಬಾಗಿಲಿಂದ ಓಡಿಸಿತು.

ಅವನು ಯಾಕೆ ಮುಂಬಾಗಿಲಿಗೆ ಬಂದ ಅಂತ ಕೇಳಬೇಡ ಕ್ಲಿಫ್. ನಿನಗೆ ಗೊತ್ತು. ಹಿತ್ತಿಲ ಬಾಗಿಲಿಗೆ ಚಿಲಕ ಇರಲಿಲ್ಲ, ಯಾವತ್ತೂ ಇರಲಿಲ್ಲ, ಒಂದು ಸಲ ನೂಕಿದ್ದರೆ ಸಾಕಿತ್ತು. ನಲವತ್ತು ದಾಟಲಿರುವ ಗಂಡಸು, ನಿನ್ನ ಹಾಗೇ ತಲೆ ಬೋಳಾಗಿದೆಯಂತೆ, ಆದರೂ ಅಪ್ಪ ಅಂದ ಮಾತು ಮೀರಲಿಲ್ಲ. ಇದನ್ನು ನಿನಗೆ ಚುಚ್ಚಲು ಬರೆಯುತ್ತಿಲ್ಲ ಅಂತ ಬರೆಯೋಣ ಅಂದುಕೊಂಡೆ. ಚುಚ್ಚಲೆಂದೇ ಬರೀತಿದ್ದೀನಿ. ಒಬ್ಬಳೇ ಎಷ್ಟು ಅಂತ ಹೊರಲಿ?

ಶುಕ್ರವಾರ ಮತ್ತೆ ಮುಂಬಾಗಿಲು ಗುದ್ದಿದರು. ಗುದ್ದುವ ಸದ್ದಿನಲ್ಲೇ ಇವನು ಅವನಲ್ಲ ಅಂತ ಗೊತ್ತಾಗಬೇಕಿತ್ತು. ನಾನು ಎದ್ದು ಬಿದ್ದು ಓಡಿ ತೆರೆದೆ. ಕೌನ್ಸಿಲ್‌ನ ಕೋಟು. ನಾನು ತೆರೆದದ್ದು ನೋಡಿ ಅವನೇ ಬೆಚ್ಚಿಬಿದ್ದ. ಕೈಗೆ ಕಾಗದ ಇಟ್ಟು, ಸಾರಿ ಮಿಸೆಸ್ ಓರ್ಮರಾಡ್ ಅಂದ. ಪಾಪ, ಚಿಕ್ಕ ವಯಸ್ಸು. ಈ ತಿಂಗಳ ಕೊನೆಗೆ ಖಾಲಿ ಮಾಡಬೇಕು. ನಾನು ವಾದ ಮಾಡಲಿಲ್ಲ. ಸತ್ತವಳ ಮನೆಗೆ ಯಾರು ಬರ್ತಾರೆ, ಇನ್ನು ಯಾರಿಗೋಸ್ಕರ ಕಾಯಲಿ?

ಈಗ ಕೇಳು, ಕೆಲಸದ ಮಾತು. ಅವನು ಹೇಗಾದರೂ ನಿನ್ನ ವಿಳಾಸ ಹುಡುಕಿ ಅಲ್ಲಿಗೆ ಬಂದರೆ, ನಿನ್ನಕ್ಕನಿಗೆ ಈಗಲೇ ಹೇಳಿಡು, ಯಾರು ಬಾಗಿಲು ತಟ್ಟಿದರೂ ತೆಗೆಯಲಿ, ಯಾರು ನಮ್ಮ ಹೆಸರು ಕೇಳಿದರೂ ನಿಜ ಹೇಳಲಿ. ಬೆರಿಲ್ ಬದುಕಿದ್ದಾಳೆ ಅಂತ ಪೇಪರಿನಲ್ಲಿ ಹಾಕಿಸೋಕೆ ಆಗುತ್ತಾ ನೋಡು. ಯೂನಿಯನ್‌ನ ಹಳಬರು ಯಾರಾದರೂ ಅವನನ್ನು ಎಲ್ಲಾದರೂ ಕಂಡಿದ್ದಾರಾ ವಿಚಾರಿಸು. ನೀನು ಅವರ ಹತ್ತಿರ ಗ್ಲೆನ್ ಹೆಸರು ಬಾಯಿ ಬಿಟ್ಟು ಕೇಳಬೇಕಾಗುತ್ತೆ. ಕೇಳು. ಸತ್ತುಹೋಗಲ್ಲ.

ನಿನ್ನ ಮೇಲೆ ಕೋಪ ಇದೆ. ನೀನು ಇಲ್ಲಿರಬೇಕಿತ್ತು ಅಂತಲೂ ಇದೆ. ಮಂಗಳವಾರ ನೀನು ಮನೆಯಲ್ಲಿ ಇದ್ದಿದ್ದರೆ, ಯಾವನೋ ಅದು ಅಂತ ಬಾಗಿಲು ಕಿತ್ತು ಹೋಗುವ ಹಾಗೆ ತೆರೆದಿರುತ್ತಿದ್ದೆ. ಅವತ್ತು ಒಂದು ದಿನಕ್ಕಾದರೂ ನಿನ್ನ ಆ ಹಾಳು ಸಿಟ್ಟು ಉಪಯೋಗಕ್ಕೆ ಬರುತ್ತಿತ್ತು.

ಇನ್ನೂ ನಿನ್ನ ಹೆಂಡತಿಯೇ ಆಗಿರುವ,
ಬೆರಿಲ್

ತಾ.ಕ. ಸೋಮವಾರ. ಇದನ್ನು ಅಂಚೆಗೆ ಹಾಕಲು ಹೊರಟವಳು ದಾರಿಯಲ್ಲಿ ಚರ್ಚಿನ ಸ್ಮಶಾನಕ್ಕೆ ಹೋಗಿ ಅಮ್ಮನ ಹತ್ತಿರ ಒಂದಿಷ್ಟು ಕೂತು ಬರೋಣ ಅಂದುಕೊಂಡೆ. ಅವಳ ಗೋರಿಯ ಮೇಲೆ ಡ್ಯಾಫೊಡಿಲ್ ಹೂಗಳ ಕಟ್ಟು ಇತ್ತು, ಕೊರೆಯುವ ಮಂಜಿಗೆ ಅಂಚು ಕಪ್ಪಾಗಿತ್ತು. ಅದಕ್ಕೆ ಸಿಕ್ಕಿಸಿದ ಚೀಟಿಯಲ್ಲಿ ಒಂದೇ ಪದ, ಅಮ್ಮ. ನಮ್ಮಮ್ಮನಿಗೆ ನಾನೊಬ್ಬಳೇ ಮಗಳು, ನಾನು ಇಟ್ಟಿಲ್ಲ. ಯಾರಪ್ಪಾ ಇದು ಅಂತ ನಿಂತೆ. ಆಮೇಲೆ ಅರ್ಥವಾಗಿ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ. ಇಲ್ಲಿ ಮಗಳನ್ನು ತಾಯಿಯ ಗುಂಡಿಗೇ ಇಳಿಸುವುದು, ಕಲ್ಲಿನ ಮೇಲೆ ಹೆಸರು ಬರಲು ವರ್ಷ ಹಿಡಿಯುತ್ತೆ ಅಂತ ಅವನಿಗೂ ಗೊತ್ತಲ್ಲ ಕ್ಲಿಫ್, ನನ್ನನ್ನೂ ಅಲ್ಲೇ ಹೂತಿದ್ದಾರೆ ಅಂದುಕೊಂಡಿದ್ದಾನೆ. ಹೂವನ್ನು ಮನೆಗೆ ತಂದು ನೀರಿನಲ್ಲಿ ಇಟ್ಟಿದ್ದೀನಿ. ಚೀಟಿಯ ಹಿಂದೆ ನಮ್ಮ ವಿಳಾಸ, ನಿನ್ನ ವಿಳಾಸ ಎರಡೂ ಬರೆದು, ಬ್ರೆಡ್ಡಿನ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಗಾಳಿಗೆ ಹಾರದಂತೆ ಕಲ್ಲು ಹೇರಿ ಬಂದೆ. ವಿಳಾಸದ ಮೇಲೆ ಬರೆದದ್ದು ಇಷ್ಟೇ. ಗ್ಲೆನ್, ಹೂವು ಸಿಕ್ಕಿತು. ನಾನು ಇಲ್ಲಿಲ್ಲ ಕಣೋ.