ಹೊತ್ತಿಕೊಳ್ಳದ ಒಲೆ

ನವೆಂಬರ್ ೯

ತಮ್ಮಾ,

ಕಾಗದ ಎಂದ ಮೇಲೆ ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ. ಅದು ಎಷ್ಟು ನಿಜ ಅನ್ನುವುದನ್ನು ಮುಂದೆ ಓದಿ ನೀನೇ ಹೇಳು. ಉತ್ತರ ಬರೆಯಲು ಇಷ್ಟು ತಡ ಮಾಡಿದೆನೆಂದು ಬೈಯಬೇಡ. ಚಳಿ ಶುರುವಾಯಿತೆಂದರೆ ಊರಿಗೆಲ್ಲ ಒಟ್ಟಿಗೆ ಕೋಟಿನ ನೆನಪಾಗುತ್ತದೆ. ಒಬ್ಬರದು ಜಿಪ್ಪು ಕಿತ್ತಿದೆ, ಇನ್ನೊಬ್ಬರಿಗೆ ತೋಳು ಗಿಡ್ಡವಾಗಿದೆ, ಮತ್ತೊಬ್ಬರ ಹೊಟ್ಟೆ ಗುಂಡಿಗೆ ಸಿಗುತ್ತಿಲ್ಲ. ಎಲ್ಲವೂ ನನ್ನ ಹೊಲಿಗೆ ಮೆಷಿನ್ನಿನ ಮುಂದೆ ರಾಶಿ ಬಿದ್ದಿವೆ. ಆ ರಾಶಿಯ ಹಿಂದೆ ಹೆಂಡತಿ ಇದ್ದಾಳೋ ಇಲ್ಲವೋ ಎಂದು ನಿನ್ನ ಭಾವ ದಿನಾ ಬಂದು ಇಣುಕಿ ನೋಡುತ್ತಾರೆ. ಬಸ್ಸಿನಲ್ಲಿ ಟಿಕೆಟ್ ಇಲ್ಲದವರನ್ನು ಹುಡುಕಿ ಹುಡುಕಿ ಅವರಿಗೆ ಅದೇ ಚಾಳಿಯಾಗಿದೆ.

ನಿನ್ನ ಮಗಳು ಚೋಟು ತಪ್ಪದೆ ಶಾಲೆಗೆ ಹೋಗುತ್ತಿದ್ದಾಳೆ. ಸಂಜೆ ನನ್ನ ಪಕ್ಕ ಕೂತು ಚೂರುಬಟ್ಟೆಗಳನ್ನು ಜೋಡಿಸಿ ಹೊಲಿಯುತ್ತಾಳೆ. ಒಂಬತ್ತು ವರ್ಷಕ್ಕೆ ಅಷ್ಟು ನೇರವಾದ ಹೊಲಿಗೆ ನನಗೂ ಬರುತ್ತಿರಲಿಲ್ಲ. ಮಾತು ಮಾತ್ರ ಅಳೆದು ತೂಗಿ ಆಡುತ್ತಾಳೆ. ಇನ್ನೂ ಬೂಟು ಹಾಕಿಕೊಂಡೇ ಮಲಗುವುದು. ನಿದ್ದೆ ಹತ್ತಿದ ಮೇಲೆ ಬಿಚ್ಚಿಟ್ಟರೂ ಬೆಳಗ್ಗೆ ನೋಡಿದರೆ ಕಾಲಲ್ಲಿರುತ್ತವೆ, ಲೇಸು ಕಟ್ಟಿಕೊಂಡು. ಹೋದ ಚಳಿಗಾಲದ ಕೊನೆಗೆ ಇಲ್ಲಿಗೆ ಬಂದಾಗಿನಿಂದ ನೋಡುತ್ತಿದ್ದೇನೆ, ಕೇಳುವ ಧೈರ್ಯ ನನಗಿಲ್ಲ.

ಈಗ ಬರೆಯಲೇಬೇಕಾದ ವಿಷಯ. ಒಲೆ ಹೊತ್ತಿಕೊಳ್ಳುತ್ತಿಲ್ಲ. ನೀನೇ ನಿಂತು ನಮ್ಮ ಮನೆಯಲ್ಲಿ ಕೂರಿಸಿಕೊಟ್ಟ, ಕೋಣೆ ಕಾಯಿಸುವ ಪೆಲೆಟ್ ಒಲೆ, ಇಷ್ಟು ವರ್ಷ ತಕರಾರಿಲ್ಲದೆ ಉರಿದದ್ದು, ಈ ಚಳಿಗಾಲ ಮುಷ್ಕರ ಹೂಡಿದೆ. ಗುಂಡಿ ಒತ್ತಿದರೆ ಫ್ಯಾನು ಗುಂಯ್‌ಗುಡುತ್ತದೆ. ಮೇಲಿನ ಡಬ್ಬದಿಂದ ಮರದ ಹೊಟ್ಟಿನ ಗುಳಿಗೆಗಳು ಟಪಟಪ ಎಂದು ಕೆಳಗಿನ ಬಟ್ಟಲಿಗೆ ಬೀಳುತ್ತವೆ. ಸ್ವಲ್ಪ ಹೊಗೆಯಾಡುತ್ತದೆ. ಜ್ವಾಲೆ ಮಾತ್ರ ಏಳುವುದಿಲ್ಲ. ಕೊನೆಗೆ ಕೆಂಪು ದೀಪ ಮಿಣುಕಿಸಿ ತಾನಾಗಿಯೇ ಆರಿಹೋಗುತ್ತದೆ. ನಿನ್ನ ಭಾವ ಎರಡು ತಟ್ಟಿದರು, ಮುದ್ದು ಮಾಡಿದರು, ಬೈದರು. ಬಸ್ಸಾದರೆ ಇಳಿದು ತಳ್ಳಬಹುದಿತ್ತು ಎಂದರು.

ಅವರು ನಗುತ್ತಾರೆ, ನನಗೆ ನಗು ಬರುವುದಿಲ್ಲ ಕಣೋ. ಹತ್ತದೆ ಉಳಿದ ಗುಳಿಗೆಗಳನ್ನು ತೋಡಿ ತೆಗೆಯುವಾಗ ಒಂದೊಂದನ್ನೂ ತಿರುಗಿಸಿ ನೋಡುತ್ತೇನೆ. ನಿನ್ನ ಮನೆಯಲ್ಲೂ ಇಷ್ಟೇ ಆದದ್ದಲ್ಲವೇ. ಚೋಟುವಿನ ಅಮ್ಮ ಹೀಗೆಯೇ ತೋಡಿ ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿ ಬಾಗಿಲ ಬಳಿ ಇಟ್ಟಳು, ಅದರಲ್ಲಿ ಎಲ್ಲೋ ಒಂದು ಗುಳಿಗೆಯೊಳಗೆ ಕಿಡಿ ಉಳಿದಿತ್ತು. ಮನೆಯೂ ಹೋಯಿತು, ಅವಳೂ ಹೋದಳು. ನಾನು ಕಬ್ಬಿಣದ ಬಕೆಟ್ಟಿಗೆ ತೋಡುತ್ತೇನೆ, ಬಾಲ್ಕನಿಗೆ ಒಯ್ಯುತ್ತೇನೆ, ನೀರು ಸುರಿಯುತ್ತೇನೆ, ಕಲಕುತ್ತೇನೆ, ಮತ್ತೆ ಸುರಿಯುತ್ತೇನೆ. ಅದು ಉಬ್ಬಿ ಗಂಜಿಯಾದ ಮೇಲೂ ಹೋಗಿ ಹೋಗಿ ಮುಟ್ಟಿ ನೋಡುತ್ತೇನೆ. ಕೋಟು ಹೊಲಿಯುವಾಗ ಮೂಗಿಗೆ ಹೊಗೆಯ ವಾಸನೆ ಬಂದಂತಾಗಿ ಏಳುತ್ತೇನೆ. ಏನೂ ಇರುವುದಿಲ್ಲ.

ಹಾಗೆಂದು ಒಲೆ ಬೇಡ ಎನ್ನುವಂತೆಯೂ ಇಲ್ಲ. ಆವತ್ತು ಹೊಗೆ ಕುಡಿದ ಎದೆ ಚೋಟುವಿನದು. ಈ ಸಲ ಕಫ ಕಟ್ಟಿದರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಸೀದಾ ಆಸ್ಪತ್ರೆಗೆ ತನ್ನಿ, ಅದಕ್ಕಿಂತ ಮೊದಲು ಕೋಣೆ ಬೆಚ್ಚಗಿಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಕರೆಂಟಿನ ಹೀಟರ್ ಹಾಕಿದರೆ ಇಡೀ ಕಟ್ಟಡದ ಫ್ಯೂಸು ಹೋಗುತ್ತದೆ. ಈಗಾಗಲೇ ಅವಳಿಗೆ ಒಣಕೆಮ್ಮು ಶುರುವಾಗಿದೆ. ಉರಿದರೂ ಭಯ, ಉರಿಯದಿದ್ದರೂ ಭಯ. ನಡುವೆ ಸಿಕ್ಕಿಕೊಂಡಿದ್ದೇನೆ.

ಊರಿನ ಅರ್ಧ ಒಲೆಗಳನ್ನು ಕೂರಿಸಿದವನು ನೀನು. ಈಗ ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಐಸು ಎಳೆಯುತ್ತಾ ಕೂತಿದ್ದೀಯ. ಬೆಂಕಿ ಕಂಡರಾಗದು ಎಂದೆ, ನಾನು ತಿರುಗಿ ಮಾತಾಡಲಿಲ್ಲ. ಈಗ ಮಾತ್ರ ಒಮ್ಮೆ ಬಂದು ಹೋಗು. ಬರಲಾಗದಿದ್ದರೆ ಏನು ನೋಡಬೇಕು, ಹೇಗೆ ನೋಡಬೇಕು ಎಂದಾದರೂ ಬರೆ. ಬೇರೆ ರಿಪೇರಿಯವನು ಸಿಗುವುದು ಮುಂದಿನ ತಿಂಗಳಿಗಂತೆ.

ನಿನ್ನ ಅಕ್ಕ

ನವೆಂಬರ್ ೨೪

ತಮ್ಮಾ,

ನಿನ್ನ ಕಾಗದ ತಲುಪಿತು. ಉತ್ತರಕ್ಕೆ ಈ ಸಲವೂ ತಡವಾಯಿತು, ಆದರೆ ಕೋಟುಗಳ ಮೇಲೆ ತಪ್ಪು ಹೊರಿಸುವುದಿಲ್ಲ. ಎರಡು ಸಲ ಬರೆದು ಹರಿದು ಹಾಕಿದೆ. ಒಲೆಯ ಬಗ್ಗೆ ಪುಟಗಟ್ಟಲೆ ಬರೆದಿದ್ದೀಯ, ಚಿತ್ರ ಬೇರೆ. ಮಗಳ ಬಗ್ಗೆ ಒಂದು ಸಾಲು. ಇರಲಿ, ಜಗಳ ಆಮೇಲೆ.

ನೀನು ಬರೆದಂತೆಯೇ ಮಾಡಿದೆವು. ಭಾನುವಾರ ಮಧ್ಯಾಹ್ನ ಚೋಟುವನ್ನು ಕೆಳಗಿನ ಮನೆಯ ಗಡಿಯಾರ ರಿಪೇರಿಯವರ ಹತ್ತಿರ ಬಿಟ್ಟು ಬಂದೆ. ನಿನ್ನ ಭಾವ ಕನ್ನಡಕ ಏರಿಸಿ ಕಾಗದ ಓದುವುದು, ನಾನು ಮಂಡಿಯೂರಿ ಮಾಡುವುದು. ಮೊದಲು ಪ್ಲಗ್ಗು ಕಿತ್ತೆ. ಕಿತ್ತಿದ್ದೀಯಾ ಎಂದು ಅವರು, ಕಿತ್ತಿದ್ದೇನೆ ಎಂದು ನಾನು, ಸಾಕಾಗುವಷ್ಟು ಸಲ ಹೇಳಿಕೊಂಡೆವು. ಬೂದಿ ಬಳಿದು ತೆಗೆದೆ. ಬಟ್ಟಲಿನ ತಳದ ತೂತುಗಳನ್ನು ದಪ್ಪ ಸೂಜಿಯಿಂದ ಒಂದೊಂದಾಗಿ ಚುಚ್ಚಿ ಬಿಡಿಸಿದೆ. ಗುಳಿಗೆ ತೇವ ಹಿಡಿದಿದೆಯೋ ಎಂದು ಮುರಿದು ನೋಡಿದೆ, ಟಕ್ಕೆಂದು ಮುರಿಯಿತು. ಒಲೆಯ ಬಾಗಿಲಿನ ಸುತ್ತ ಗಾಳಿ ತಡೆಯುವ ಹಗ್ಗ ಸರಿಯಾಗಿ ಒತ್ತುತ್ತಿದೆಯೇ ನೋಡಲು ಕಾಗದದ ಪಟ್ಟಿ ಸಿಕ್ಕಿಸಿ ಎಳೆ ಎಂದು ನೀನು ಬರೆದಿದ್ದೆ. ನನ್ನ ಬಟ್ಟೆ ಅಳತೆಯ ಕಾಗದ ಕತ್ತರಿಸಿ ಸುತ್ತಲೂ ಎಳೆದು ನೋಡಿದೆ, ಎಲ್ಲಿಯೂ ಸಡಿಲವಿಲ್ಲ. ಪ್ಲಗ್ಗು ಹಾಕಿದ ಮೇಲೆ ಒಲೆಯೊಳಗೆ ಬೆಂಕಿ ಹಚ್ಚುವ ಕರೆಂಟಿನ ಕಡ್ಡಿಯೂ ಕೆಂಪಗೆ ಕಾಯಿತು.

ಉಳಿದದ್ದು ಕೊನೆಯದು. ಒಲೆಯನ್ನು ಮುಂದಕ್ಕೆ ಎಳೆದು, ಹೊರಗಿನ ಗಾಳಿ ಒಳಗೆ ಬರುವ ಹಿಂದಿನ ಕೊಳವೆಯಲ್ಲಿ ಏನಾದರೂ ಸಿಕ್ಕಿಕೊಂಡಿದೆಯೇ ನೋಡುವುದು. ನಿನ್ನ ಭಾವನಿಗೆ ಸೊಂಟ ನೋವು. ಒಲೆಯ ಹಿಂದೆ ಯಾರು ಹೋಗುತ್ತಾರೆ, ಅಲ್ಲಿ ಏನಿರುತ್ತದೆ, ಮೊದಲು ಹಚ್ಚಿ ನೋಡೋಣ ಎಂದರು. ಬೇಡ, ಅವನು ಬರೆದ ಹಾಗೆ ಮಾಡೋಣ ಎನ್ನುವ ಮಾತು ನನ್ನ ಬಾಯಿಗೆ ಬಂದಿತ್ತು. ಆದರೆ ಅಷ್ಟು ಹೊತ್ತಿಗೆ ಚೋಟು ಮೇಲೆ ಬಂದು ಬಾಗಿಲಲ್ಲಿ ನಿಂತಿದ್ದಳು, ಕೆಮ್ಮುತ್ತಿದ್ದಳು. ಆ ಕೆಮ್ಮು ಕೇಳಿ ನಾನೂ ಹೂಂ ಎಂದೆ.

ಗುಂಡಿ ಒತ್ತಿದೆವು. ಗುಳಿಗೆ ಬಿದ್ದವು. ಹೊಗೆ ಬಂತು. ಇನ್ನೊಂದು ಸ್ವಲ್ಪ ಇದ್ದರೆ ಹಿಡಿದುಕೊಳ್ಳುತ್ತದೆ ಎಂದು ಇವರು ಒಂದು ಹಿಡಿ ಗುಳಿಗೆ ಮೇಲಿನಿಂದ ಹಾಕಿ ಬಾಗಿಲು ಮುಚ್ಚಿದರು. ಗಾಜಿನ ಹಿಂದೆ ಹೊಗೆ ದಟ್ಟವಾಗುತ್ತಾ ಬಂತು, ಹಾಲಿನ ಹಾಗೆ ಬೆಳ್ಳಗೆ. ಬಟ್ಟಲು ಕಾಣಲಿಲ್ಲ, ಏನೂ ಕಾಣಲಿಲ್ಲ. ನಾನು ಪ್ಲಗ್ಗಿಗೆ ಕೈ ಹಾಕುವಷ್ಟರಲ್ಲಿ ಧಪ್ ಎಂದಿತು. ಗಾಜು ಅದುರಿತು. ಕೊಳವೆಯ ಸಂದುಗಳಿಂದ ಮಸಿ ಹಾರಿ ನನ್ನ ಮುಖಕ್ಕೆ ಬಡಿಯಿತು. ಒಳಗೆ ಒಂದೇ ಸಲ ಕೆಂಪು ಬೆಂಕಿ ಎದ್ದು ಮತ್ತೆ ಮುಳುಗಿತು. ಗಾಜು ಒಡೆಯಲಿಲ್ಲ, ನಮಗೆ ಯಾರಿಗೂ ಏನೂ ಆಗಲಿಲ್ಲ, ಅದನ್ನು ಮೊದಲೇ ಬರೆಯಬೇಕಿತ್ತು, ಕ್ಷಮಿಸು. ಇವರು ಕಿಟಕಿಗಳನ್ನೆಲ್ಲ ತೆರೆದರು. ನಾನು ಪ್ಲಗ್ಗು ಕಿತ್ತು ತಿರುಗಿ ನೋಡಿದರೆ ಬಾಗಿಲಲ್ಲಿ ಚೋಟು ಇಲ್ಲ.

ಮೆಟ್ಟಿಲಿಳಿದು ಓಡಿದೆ. ಒಂದೊಂದು ಮಹಡಿಯಲ್ಲೂ ಬಾಗಿಲುಗಳು ತೆರೆದಿವೆ, ಒಳಗೆ ಯಾರೂ ಇಲ್ಲ. ಕೆಳಗೆ ಬಂದರೆ ಇಡೀ ಕಟ್ಟಡವೇ ಬೀದಿಯಲ್ಲಿ ನಿಂತಿದೆ, ಚಪ್ಪಲಿಯಲ್ಲಿ, ಬರಿಗಾಲಲ್ಲಿ, ಒಬ್ಬರ ಗಲ್ಲದ ಮೇಲೆ ಅರ್ಧ ಕ್ಷೌರದ ನೊರೆ. ಇಳಿಯುತ್ತಾ ಅವಳು ಎಲ್ಲರ ಬಾಗಿಲು ಬಡಿದು ಹೊರಗೆ ಬನ್ನಿ ಎಂದಿದ್ದಳು. ಕಿರುಚಲಿಲ್ಲವಂತೆ. ದೊಡ್ಡವರು ಹೇಳುವ ಹಾಗೆ, ಗಟ್ಟಿಯಾಗಿ, ನಿಧಾನವಾಗಿ ಹೇಳಿದಳು, ಅದಕ್ಕೇ ಕೇಳಿದೆವು ಎಂದರು ಗಡಿಯಾರದವರು. ಅವಳು ದೀಪದ ಕಂಬ ಹಿಡಿದುಕೊಂಡು ನಮ್ಮ ಕಿಟಕಿಯನ್ನೇ ನೋಡುತ್ತಿದ್ದಳು. ನಾನು ಅಪ್ಪಿಕೊಂಡರೆ ನನ್ನ ಮುಖದ ಮಸಿ ಮುಟ್ಟಿ ನೋಡಿ ಒಂದೇ ಮಾತು ಕೇಳಿದಳು.

"ಮಾವ ಎಲ್ಲಿ?"

ಮೇಲಿದ್ದಾರೆ, ಬರುತ್ತಾರೆ ಎಂದೆ. ನಂಬಲಿಲ್ಲ. ಅವರು ಇಳಿದು ಬಂದು ಅವಳ ಮುಂದೆ ನಿಲ್ಲುವವರೆಗೂ ಆ ಕಂಬ ಬಿಡಲಿಲ್ಲ. ಬಂದ ಮೇಲೆ ಅವರ ಕೋಟಿನ ತೋಳು ಹಿಡಿದಳು, ಊಟ ಮಾಡುವಾಗಲೂ ಬಿಡಲಿಲ್ಲ. ಅವರು ಎಡಗೈಯಲ್ಲಿ ಉಂಡರು. ಆ ದಿನ ಅವರೂ ತಮಾಷೆ ಮಾಡಲಿಲ್ಲ.

ಮರುದಿನ ಅವಳು ಶಾಲೆಗೆ ಹೋದ ಮೇಲೆ ಗಡಿಯಾರದವರನ್ನು ಕರೆದು ಮೂವರೂ ಸೇರಿ ಒಲೆ ಎಳೆದೆವು. ಕೊಳವೆಯ ಬಾಯಲ್ಲಿ ಏನೋ ಬಿಗಿಯಾಗಿ ತುಂಬಿತ್ತು. ಇಲಿ ಗೂಡು ಎಂದರು ಇವರು. ನಾನು ಇಕ್ಕಳದಲ್ಲಿ ಎಳೆದೆ. ಇಲಿ ಗೂಡಲ್ಲ ತಮ್ಮಾ. ನನ್ನ ಚೂರುಬಟ್ಟೆಗಳು. ಉಣ್ಣೆಯ ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ದುಂಡಗೆ ಕತ್ತರಿಸಿ, ಅಂಚಿಗೆ ಸುತ್ತಲೂ ಹೊಲಿಗೆ ಹಾಕಿ, ಕೊಳವೆಯ ಅಳತೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಮಾಡಿದ ಬಿರಡೆ. ಹಿಂದಕ್ಕೆ ಜಾರದಂತೆ ಒಂದು ಪಟ್ಟಿ ಬೇರೆ. ಅದನ್ನು ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತುಬಿಟ್ಟೆ. ಒಲೆಯ ಹಿಂದಿನ ಸಂದಿಗೆ ತೂರುವ ಪುಟ್ಟ ಕೈ, ಆ ಹೊಲಿಗೆ ಯಾರದೆಂದು ನಾನು ಬೇರೆಯವರನ್ನು ಕೇಳಬೇಕೇ?

ಸಂಜೆ ಅವಳ ಮುಂದೆ ಇಟ್ಟೆ. ಬೈಯಲಿಲ್ಲ, ಇವರಿಗೂ ಬೈಯಬೇಡಿ ಎಂದಿದ್ದೆ. ಅವಳು ಅಳಲೂ ಇಲ್ಲ, ಸುಳ್ಳು ಹೇಳಲೂ ಇಲ್ಲ.

"ಗಾಳಿ ಇಲ್ದಿದ್ರೆ ಬೆಂಕಿ ಹತ್ತಲ್ಲ ಅಂತ ಅಪ್ಪನೇ ಹೇಳ್ಕೊಟ್ಟಿದ್ದು," ಎಂದಳು.

ನೀನು ಒಲೆ ಕೂರಿಸಲು ಬಂದಾಗ ಅವಳು ನಿನ್ನ ಹೆಗಲ ಮೇಲೆ ಕೂತಿದ್ದಳು, ನೆನಪಿದೆಯೇ? ಯಾವ ಕೊಳವೆಯಿಂದ ಏನು ಬರುತ್ತದೆ ಎಂದು ನೀನು ಬೆರಳಿಟ್ಟು ತೋರಿಸಿದ್ದೆಯಂತೆ. ಅದನ್ನೆಲ್ಲ ನೆನಪಿಟ್ಟುಕೊಂಡಿದ್ದಾಳೆ. ಬೆಂಕಿಯೇ ಹುಟ್ಟದ ಹಾಗೆ ಮಾಡಿ ನಮ್ಮನ್ನು ಕಾಪಾಡುತ್ತಿದ್ದಳು. ಗಾಳಿ ಸಾಲದೆ ಹೊಗೆ ತುಂಬಿದ್ದಕ್ಕೇ ಅದು ಸಿಡಿಯಿತು ಎಂದು ಗಡಿಯಾರದವರು ನನಗೆ ಹೇಳಿದ್ದಾರೆ. ಅವಳಿಗೆ ಹೇಳಿಲ್ಲ. ನಾನು ಸಾಯುವವರೆಗೂ ಹೇಳುವುದಿಲ್ಲ, ನೀನೂ ಹೇಳಕೂಡದು.

ಈಗ ಒಲೆಗೆ ಯಾವ ದೋಷವೂ ಇಲ್ಲ. ಗುಂಡಿ ಒತ್ತಿದರೆ ಹೊತ್ತಿಕೊಳ್ಳುತ್ತದೆ. ನಾವು ಒತ್ತಿಲ್ಲ. ಒತ್ತಿದರೆ ಅವಳು ಮತ್ತೆ ಬೀದಿಗೆ ಓಡುತ್ತಾಳೆ, ಒತ್ತದಿದ್ದರೆ ಎದೆ ಕಟ್ಟುತ್ತದೆ. ಸದ್ಯಕ್ಕೆ ಗಡಿಯಾರದವರ ಮನೆಯಲ್ಲಿ ಮಲಗಿಸುತ್ತಿದ್ದೇನೆ, ಅಲ್ಲಿ ಗೋಡೆಯೊಳಗೆ ಬಿಸಿನೀರಿನ ಕೊಳವೆ ಇದೆ, ಬೆಂಕಿ ಕಾಣುವುದಿಲ್ಲ. ಆದರೆ ಪರರ ಮನೆಯಲ್ಲಿ ಎಷ್ಟು ದಿನ? ಕೆಮ್ಮು ಕಡಿಮೆಯಾಗಿಲ್ಲ. ರಾತ್ರಿ ಅವಳ ಉಸಿರಾಟ ಕೇಳುತ್ತಾ ಪಕ್ಕದಲ್ಲೇ ಕೂರುತ್ತೇನೆ. ನಾನು ಹೇಳಿದರೆ ಅವಳು ನಂಬುವುದಿಲ್ಲ, ಇವರು ಹೇಳಿದರೂ ಇಲ್ಲ. ಅವಳ ಕೈ ಹಿಡಿದು ಒಲೆಯ ಮುಂದೆ ಕೂರಿಸಿಕೊಂಡು ಹಚ್ಚಬೇಕಾದವನು ನೀನು. ನಿನ್ನ ಕೈ ನಡುಗಿದರೆ ನಡುಗಲಿ. ಅವಳೂ ನೋಡಲಿ.

ಮೀನುಗಳು ಎಲ್ಲಿಗೂ ಹೋಗುವುದಿಲ್ಲ, ರಜೆ ಕೇಳು. ಕಿವಿಗೆ ಬಟ್ಟೆ ಕಟ್ಟಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಒಳ್ಳೆಯದಾಗಲಿ, ನೂರು ವರ್ಷ ನಿನ್ನ ಮಗಳ ಹೆಗಲ ಮೇಲೆ ಕೈಯಿಟ್ಟು ಬಾಳು. ಭಾವ ನಿನ್ನನ್ನು ಕೇಳಿದೆ ಎಂದು ಬರೆಯಲು ಹೇಳಿದರು.

ನಿನ್ನ ಅಕ್ಕ

ಮತ್ತೆ: ಒಂದು ಮಾತು ಬರೆಯುವುದೋ ಬೇಡವೋ ಎಂದು ಕಾಗದ ಮಡಿಸಿಟ್ಟು ಮತ್ತೆ ಬಿಚ್ಚಿದೆ. ನಿನ್ನೆ ಬೆಳಗ್ಗೆ ಗಡಿಯಾರದವರ ಮನೆಯಿಂದ ಮೇಲೆ ಬಂದು ಅವಳು ತುಟಿ ನೀಲಿಗಟ್ಟಿ ನಡುಗುತ್ತಿದ್ದಳು. ಚಳಿಯಾಗುತ್ತಿದೆಯಾ ಎಂದು ಕೇಳಿದೆ, ಇಲ್ಲ ಎಂದಳು. ಮೈಯೆಲ್ಲ ನಡುಗುತ್ತಿದೆಯಲ್ಲೇ, ಚಳಿ ಅಂತ ಒಂದು ಮಾತು ಹೇಳಬಾರದಾ ಎಂದೆ. ಆಗ ಹೇಳಿದಳು: "ಆವತ್ತು ಹೇಳಿದ್ದೆ ಅತ್ತೆ. ಅದಕ್ಕೇ ಅಮ್ಮ ಎದ್ದು ಒಲೆ ಹತ್ರ ಹೋಗಿದ್ದು. ಅಪ್ಪಂಗೆ ಅದು ಗೊತ್ತಿದೆ. ಅದಕ್ಕೇ ನನ್ನ ನೋಡೋಕೆ ಬರಲ್ಲ." ಅಲ್ಲ ಮಗಳೇ, ಅಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಬಿದ್ದುಹೋಗಿದೆ. ಅವಳು ನನ್ನ ಮಾತಿಗೆ ತಲೆಯಾಡಿಸುತ್ತಾಳೆ, ಬಾಗಿಲ ಕಡೆ ನೋಡುತ್ತಾಳೆ.